ಒಂದೇ ಹೆಸರಿನ ಎರಡು ವಾಹನಗಳು ಮತ್ತು ಬೆಟ್ಟದ ನೆಲ

(ನವನಗರದಲ್ಲಿ ವಿದ್ಯಾರ್ಥಿಗಳು ಹಾಗೂ ಮಲೆನಾಡಿನ ಗ್ರಾಮಸ್ಥರ ಎದುರು ಮಾಡಿದ ಭಾಷಣ)



ನವನಗರದ ಮುಂದಿನ ಹಳೆಯ ಪಿ.ಬಿ. ರಸ್ತೆಯಲ್ಲಿ ಮಹೀಂದ್ರ ಕಂಪನಿಯ ಥಾರ್ ವಾಹನಗಳನ್ನು ನೀವೆಲ್ಲರೂ ಕಂಡಿರುತ್ತೀರಿ. ರಜೆ ಬಂದೊಡನೆ ಇಂತಹ ವಾಹನಗಳು ಘಟ್ಟದತ್ತ ಮುಖ ಮಾಡುತ್ತವೆ. ಹೆಸರು ಒಂದೇ ಆದರೂ ಇವೆಲ್ಲ ಒಂದೇ ಬಗೆಯವಲ್ಲ. ಆ ಭೇದವನ್ನು ಕೊಳ್ಳುವವರಷ್ಟೇ ಅಲ್ಲ, ಬೆಟ್ಟದಲ್ಲಿ ಬಾಳುವವರೂ ಅರಿತಿರಬೇಕು.

2020ರಲ್ಲಿ ಬಂದ ಮೂರು ಬಾಗಿಲಿನ ಥಾರ್‌ನ ಉದ್ದ 3985 ಮಿ.ಮೀ.; ಮುಂದಿನ ಮತ್ತು ಹಿಂದಿನ ಗಾಲಿಗಳ ಅಂತರ 2450 ಮಿ.ಮೀ. 2024ರಲ್ಲಿ ಬಂದ ಐದು ಬಾಗಿಲಿನ ಥಾರ್ ರಾಕ್ಸ್‌ನ ಉದ್ದ 4428 ಮಿ.ಮೀ.; ಗಾಲಿಗಳ ಅಂತರ 2850 ಮಿ.ಮೀ. ಅಂತರ ಹೆಚ್ಚಿದಷ್ಟೂ ದಿಣ್ಣೆ ದಾಟುವಾಗ ವಾಹನದ ಹೊಟ್ಟೆ ನೆಲಕ್ಕೆ ತಾಗುವ ಸಂಭವ ಹೆಚ್ಚು. ಇಕ್ಕಟ್ಟಾದ ತಿರುವುಗಳಲ್ಲಿಯೂ ಕಷ್ಟ. ಆದರೆ ಹಿಂದಿನ ಆಸನಕ್ಕೆ ಪ್ರತ್ಯೇಕ ಬಾಗಿಲಿರುವುದರಿಂದ ವೃದ್ಧರು, ಗರ್ಭಿಣಿಯರು ಹತ್ತಿ ಇಳಿಯುವುದು ಸುಲಭ. ಆಸ್ಪತ್ರೆ ದೂರವಿರುವ ಹಳ್ಳಿಗೆ ಇದು ಸಣ್ಣ ಮಾತಲ್ಲ.

ಹೊರನೋಟಕ್ಕೆ ಕಾಣದ ಭೇದ ಇನ್ನೊಂದಿದೆ. 2023ರಿಂದ ಮೂರು ಬಾಗಿಲಿನ ಥಾರ್, ಹಿಂದಿನ ಎರಡು ಗಾಲಿಗಳಿಗೆ ಮಾತ್ರ ಎಂಜಿನ್ನಿನ ಬಲ ತಲುಪುವ ಮಾದರಿಯಲ್ಲಿಯೂ ದೊರೆಯತೊಡಗಿತು. ರಾಕ್ಸ್ ಬಂದಾಗ ನಾಲ್ಕೂ ಗಾಲಿಗಳ ಚಾಲನೆಯಿದ್ದುದು ಡೀಸೆಲ್ಲಿನ ಕೆಲವು ಮಾದರಿಗಳಲ್ಲಿ ಮಾತ್ರ. ಎರಡೇ ಗಾಲಿಗಳ ಬಲದ ವಾಹನ ಕೆಸರಿನ ಏರಿನಲ್ಲಿ ಸಿಕ್ಕಿಕೊಂಡರೆ, ಗಾಲಿಗಳು ನಿಂತಲ್ಲೇ ತಿರುಗಿ ನೆಲವನ್ನು ಅಗೆಯುತ್ತವೆ. ನಾಲ್ಕೂ ಗಾಲಿಗಳಿಗೆ ಬಲವಿದ್ದು, ತಗ್ಗು ಗೇರಿನಲ್ಲಿ ನಿಧಾನವಾಗಿ ಏರಿದರೆ ಜಾರುವುದು ಕಡಿಮೆ. ಆದರೂ ಭಾರ ಭಾರವೇ. ಹುಲ್ಲಿನ ಮೇಲೆ ಹರಿದರೆ ಯಾವ ಮಾದರಿಯೂ ನಿರಪಾಯಕಾರಿಯಲ್ಲ.

ಬಾಬಾಬುಡನ್ ಗಿರಿಶ್ರೇಣಿಯ ಶೋಲಾ ಹುಲ್ಲುಗಾವಲನ್ನೇ ನೋಡಿ. 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ಇರುವುದು ಅಲ್ಲಿಯೇ. ಗಾಲಿಯ ಭಾರಕ್ಕೆ ಮಣ್ಣು ಗಟ್ಟಿಯಾಗುತ್ತದೆ, ಹುಲ್ಲಿನ ಬೇರು ಸಾಯುತ್ತದೆ. ಇಂಗಬೇಕಾದ ಮಳೆನೀರು ಗಾಲಿಯ ಜಾಡು ಹಿಡಿದು ಕೆಳಗೋಡುತ್ತದೆ. ಮಳೆಗಾಲ ಕಳೆದಂತೆ ಆ ಜಾಡೇ ಕೊರಕಲಾಗುತ್ತದೆ. ವೇದಾವತಿ ಹುಟ್ಟುವುದು ಇದೇ ಗಿರಿಶ್ರೇಣಿಯಲ್ಲಿ; ಅದೇ ನೀರು ಚಿತ್ರದುರ್ಗ ಜಿಲ್ಲೆಯ ವಾಣಿವಿಲಾಸ ಸಾಗರಕ್ಕೆ ಸೇರುತ್ತದೆ. ಬೆಟ್ಟದ ಮೇಲಿನ ಒಂದು ಜಾಡಿಗೂ ಬಯಲಿನ ಹೊಲಕ್ಕೂ ಹೀಗೆ ನಂಟಿದೆ.

ಆದುದರಿಂದ ವಾಹನ ಕೊಳ್ಳುವ ಹಳ್ಳಿಗರು ಮೊದಲು ತಮ್ಮ ದಾರಿಯನ್ನು ನೋಡಲಿ: ಕಡಿದಾದ ಕಚ್ಚಾ ದಾರಿಯೋ, ಡಾಂಬರು ರಸ್ತೆಯೋ, ಕೂರುವವರು ಯಾರು ಎಂದು. ಜಾಹೀರಾತಿನಲ್ಲಿ ಬಂಡೆಯೇರುವ ಚಿತ್ರ ಅದಕ್ಕೆ ಉತ್ತರವಲ್ಲ. ಪ್ರವಾಸಕ್ಕೆ ಹೊರಡುವ ವಿದ್ಯಾರ್ಥಿಗಳು ಇರುವ ರಸ್ತೆಯನ್ನು ಬಿಡದಿರಲಿ. ಮಳೆಯಲ್ಲಿ ಕಚ್ಚಾ ದಾರಿ ಹಿಡಿಯದಿರಲಿ. ಕೊಡಚಾದ್ರಿಯಂತಹ ಕಡೆ ದಾರಿ ಬಲ್ಲ ಸ್ಥಳೀಯ ಜೀಪಿನವರಿದ್ದಾರೆ; ಅವರೊಡನೆ ಹೋದರೆ ಬಾಡಿಗೆಯ ಹಣವೂ ಊರಲ್ಲೇ ಉಳಿಯುತ್ತದೆ. ಹೊಸ ಜಾಡು ಕಂಡ ಗ್ರಾಮಸ್ಥರು ಅದನ್ನು ಗ್ರಾಮಸಭೆಯ ಮುಂದಿಡಲಿ. ಮೊದಲ ಮಳೆಗೆ ಮುನ್ನವೇ ಅಡ್ಡ ಒಡ್ಡು ಹಾಕಿದರೆ ಕೊರಕಲನ್ನು ತಡೆಯಬಹುದು.