ಹೊಸ ಗಾಡಿ ಬಂತು, ಬಡ್ಡಿ ಹಳೇದೇ



ಚನ್ನಗಿರಿಯ ಅಡಿಕೆ, ಹೊನ್ನಾಳಿಯ ಭತ್ತ, ನ್ಯಾಮತಿ ಕಡೆಯ ಮೆಕ್ಕೆಜೋಳ, ಜಗಳೂರಿನ ಈರುಳ್ಳಿ – ಇವು ಇವತ್ತು ಎತ್ತಿನ ಗಾಡಿಯಲ್ಲಿ ಪೇಟೆಗೆ ಹೋಗೋದಿಲ್ಲ. ಪಿಕಪ್ ಬೇಕು. ಆ ಪಿಕಪ್ ಮಾರುವ ಕಂಪನಿಗಳ ಪೈಪೋಟಿ ಬಗ್ಗೆ ನಾಲ್ಕು ಮಾತು ಹೇಳಬೇಕಾಗಿದೆ. ಕಂಪನಿಯವರ ಜಗಳ ನಮಗ್ಯಾಕೆ ಅಂತೀರಾ? ಆ ಜಗಳದ ಖರ್ಚು ನಮ್ಮ ಕಂತಿನಲ್ಲಿ ವಸೂಲಾಗ್ತಿದೆ, ಅದಕ್ಕೇ.

ನಮ್ಮ ವಯಸ್ಸಿನವರಿಗೆ ಮೆಟಡೋರ್ ನೆನಪಿರಬೇಕು. 1980ರ ದಶಕದಲ್ಲಿ ಜಪಾನಿನವರ ಜೊತೆ ಕೈ ಜೋಡಿಸಿ ನಾಲ್ಕು ಹೊಸ ಹೆಸರು ಬಂದವು: ಡಿಸಿಎಂ ಟೊಯೋಟ, ಆಲ್ವಿನ್ ನಿಸ್ಸಾನ್, ಸ್ವರಾಜ್ ಮಜ್ದಾ, ಐಷರ್ ಮಿತ್ಸುಬಿಶಿ. ಟಾಟಾದವರು 1986ರಲ್ಲಿ 407 ಬಿಟ್ಟರು. ಈಗ ನೋಡ್ರಿ, 407 ಇನ್ನೂ ಓಡ್ತಾ ಐತೆ. ಡಿಸಿಎಂ ಟೊಯೋಟ, ಆಲ್ವಿನ್ ನಿಸ್ಸಾನ್ ಅನ್ನೋ ಬೋರ್ಡು ಎಲ್ಲಾದರೂ ಕಾಣ್ತದಾ?

2005ರಲ್ಲಿ ಟಾಟಾ ಏಸ್ ಬಂತು, ಜನ ಅದನ್ನ ಚೋಟಾ ಹಾಥಿ ಅಂದರು. ಅದಕ್ಕಿಂತ ದೊಡ್ಡ ಪಿಕಪ್ ಅಂದರೆ ಮಹೀಂದ್ರದ ಬೊಲೆರೊ. ಇವೆರಡರ ನಡುವೆ 2011ರಲ್ಲಿ ಅಶೋಕ್ ಲೇಲ್ಯಾಂಡ್ ನುಗ್ಗಿತು. ಬಸ್ಸು, ದೊಡ್ಡ ಲಾರಿಗೆ ಹೆಸರಾದ ಮದ್ರಾಸಿನ ಕಂಪನಿ ಇದು. ನಿಸ್ಸಾನ್ ಜೊತೆ ಸೇರಿ, ಸುಮಾರು ಒಂದೂಕಾಲು ಟನ್ ಹೊರುವ ‘ದೋಸ್ತ್’ ಅನ್ನೋ ಗಾಡಿಯನ್ನು ಹೊಸೂರಿನಲ್ಲಿ ತಯಾರಿಸಿತು. (ದೋಸ್ತ್ ಅಂತ ಹೆಸರಿಟ್ಟ ಮಾತ್ರಕ್ಕೆ ದೋಸ್ತ್ ಆಗಿಬಿಡೋದಿಲ್ಲ, ಅದು ಬೇರೆ ಮಾತು.) 2016ರಲ್ಲಿ ನಿಸ್ಸಾನ್‌ನವರು ಪಾಲು ಬಿಟ್ಟು ಹೋದರು, ಲೇಲ್ಯಾಂಡ್ ಪೂರ್ತಿ ತಾನೇ ತಗೊಂಡು ನಡೆಸಿತು. 2020ರಲ್ಲಿ ‘ಬಡಾ ದೋಸ್ತ್’ ಬಂತು. ಇದರ ನಡುವೆ ಮಾರುತಿಯವರೂ ಸಣ್ಣ ಗಾಡಿ ಬಿಟ್ಟರು, ಟಾಟಾದವರು ‘ಇಂಟ್ರಾ’ ಬಿಟ್ಟರು.

ಹೊಸಬ ಬಂದದ್ದು ಒಳ್ಳೇದೇ. ಎರಡೇ ಅಂಗಡಿ ಇದ್ದ ಬೀದಿಯಲ್ಲಿ ಮೂರನೇದು ತೆರೆದರೆ, ಗಿರಾಕಿಗೆ ಕುರ್ಚಿ ಹಾಕ್ತಾರೆ.

ಹೊಸಬರು ಅಂದರೆ ಹಳಬರಿಗೆ ಎಷ್ಟು ಭಯ ಅನ್ನೋದಕ್ಕೆ ಅಮೆರಿಕದ ಒಂದು ಸಂಗತಿ ಕೇಳಿ. ಅಲ್ಲಿನ ಕೋಳಿ ಅಗ್ಗವಾಗಿ ಬಂದು ತಮ್ಮ ರೈತರು ಕೆಡ್ತಾರೆ ಅಂತ 1960ರ ದಶಕದ ಶುರುವಿನಲ್ಲಿ ಯುರೋಪಿನವರು ಕೋಳಿ ಮೇಲೆ ಸುಂಕ ಹಾಕಿದರು. ಅದಕ್ಕೆ ಸೇಡಾಗಿ ಅಮೆರಿಕ ಸರ್ಕಾರ 1964ರಿಂದ ಹೊರಗಿನ ಸಣ್ಣ ಲಾರಿ, ಪಿಕಪ್‌ಗಳ ಮೇಲೆ ಶೇ. 25 ಸುಂಕ ಹೇರಿತು. ಜಗಳ ಶುರುವಾದದ್ದು ಕೋಳಿಯಿಂದ. ಕೋಳಿ ಮಾತು ಎಲ್ಲರಿಗೂ ಮರೆತು ಹೋಯಿತು, ಪಿಕಪ್ ಮೇಲಿನ ಸುಂಕ ಮಾತ್ರ ಅರವತ್ತು ವರ್ಷವಾದರೂ ಹೋಗಲಿಲ್ಲ. ಅದರ ನೆರಳಲ್ಲಿ ಫೋರ್ಡ್, ಜನರಲ್ ಮೋಟಾರ್ಸ್ ಹಾಯಾಗಿದ್ದರು. ಟೊಯೋಟದವರು 1999ರಲ್ಲಿ ದೊಡ್ಡ ಪಿಕಪ್ ‘ಟಂಡ್ರಾ’ ಬಿಟ್ಟಾಗ ಅದನ್ನು ಅಮೆರಿಕದ ಇಂಡಿಯಾನಾದಲ್ಲೇ ತಯಾರಿಸಿದರು. ಗಾಡಿ ಮಾಡುವವನಿಗೆ ಇಷ್ಟು ರಕ್ಷಣೆ! ನಮ್ಮಲ್ಲಿ 2024ರ ಜೂನ್‌ನಲ್ಲಿ ಸುಮಾರು 5 ಲಕ್ಷ ಟನ್ ಮೆಕ್ಕೆಜೋಳವನ್ನು ಶೇ. 15ರ ರಿಯಾಯಿತಿ ಸುಂಕದಲ್ಲಿ ತರಿಸಲು ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು. ಬೆಳೆಯುವವನಿಗೆ ಎಷ್ಟು ರಕ್ಷಣೆ ಅಂತ ನೀವೇ ತೂಗಿ ನೋಡಿ.

ಈಗ ನಮ್ಮ ಮನೆ ಲೆಕ್ಕಕ್ಕೆ ಬರೋಣ. ಪೈಪೋಟಿ ಇರೋದು ಗಾಡಿಯ ಬೆಲೆಯಲ್ಲಿ ಅಂತ ನಾವು ತಿಳಿದಿದ್ದೇವೆ. ‘ಮುಂಗಡ ಕಮ್ಮಿ, ಇವತ್ತೇ ಬೀಗದ ಕೈ ತಗೊಳ್ಳಿ’ ಅಂತಾರೆ, ಹುಡುಗರು ಹಾರಿ ಬೀಳ್ತಾರೆ. 6 ಲಕ್ಷ ಸಾಲ, 5 ವರ್ಷ, ಬಡ್ಡಿ ಶೇ. 8 ‘ಫ್ಲಾಟ್’ ಅಂದರು ಅನ್ನಿ. ವರ್ಷಕ್ಕೆ 48 ಸಾವಿರದಂತೆ 2 ಲಕ್ಷ 40 ಸಾವಿರ ಬಡ್ಡಿ, ಒಟ್ಟು 8 ಲಕ್ಷ 40 ಸಾವಿರ. 60 ಕಂತು, ಕಂತಿಗೆ 14 ಸಾವಿರ. ಆದರೆ ನೀವು ತಿಂಗಳು ತಿಂಗಳು ಅಸಲು ತೀರಿಸ್ತಾ ಇದ್ದೀರಿ. ಐದನೇ ವರ್ಷದಲ್ಲಿ ಬಾಕಿ ಇರೋದು ಚೂರು, ಬಡ್ಡಿ ಮಾತ್ರ ಪೂರಾ 6 ಲಕ್ಷಕ್ಕೆ! ಉಳಿದ ಬಾಕಿಗೆ ಮಾತ್ರ ಬಡ್ಡಿ ಹಾಕುವ ಲೆಕ್ಕದಲ್ಲಿ ನೋಡಿದರೆ ಇದು ಶೇ. 8 ಅಲ್ಲ ಸ್ವಾಮಿ, 14 ದಾಟ್ತದೆ.

2025–26ರ ಮೆಕ್ಕೆಜೋಳದ ಬೆಂಬಲ ಬೆಲೆ ಕ್ವಿಂಟಾಲಿಗೆ 2,400 ರೂಪಾಯಿ. ಆ ಬೆಲೆ ಪೂರಾ ಕೈಗೆ ಬಂದರೂ, ವರ್ಷದ ಕಂತು 1 ಲಕ್ಷ 68 ಸಾವಿರಕ್ಕೆ 70 ಕ್ವಿಂಟಾಲ್ ಬೇಕು. ಡೀಸೆಲ್, ಟೈರು, ವಿಮೆ ಬೇರೆ. ಜಗಳೂರಿನ ಮಳೆಯಾಶ್ರಿತ ಹೊಲದವರು ಇದನ್ನ ಎರಡು ಸಲ ಓದಿಕೊಳ್ಳಿ.

ಕಂತು ಮುಟ್ಟಬೇಕಲ್ಲ, ಅದಕ್ಕೆ ಹೇರ್ತಾರೆ. ಒಂದೂಕಾಲು ಟನ್ ಅಂದರೆ 60 ಕೆ.ಜಿ. ಚೀಲ 20 ಮಾತ್ರ. 40 ಹೇರಿದರೆ ಪಟ್ಟಾ ಮುರೀತದೆ, ಬ್ರೇಕು ಹಿಡಿಯೋದಿಲ್ಲ. ತಿದ್ದುಪಡಿಯಾದ 2019ರ ಮೋಟಾರು ಕಾಯ್ದೆಯಲ್ಲಿ ಹೆಚ್ಚಿನ ಭಾರಕ್ಕೆ 20 ಸಾವಿರ ದಂಡ, ಮೇಲೆ ಟನ್ನಿಗೆ 2 ಸಾವಿರ ಅಂತ ಬರೆದಿದೆ.

ಹಾಗಾದರೆ ಗಾಡಿ ತಗೋಬಾರದೇ? ತಗೊಳ್ಳಿ. ಅಡಿಕೆ ಕೊಯ್ಲು, ಭತ್ತ, ಈರುಳ್ಳಿ ಬೇರೆ ಬೇರೆ ಕಾಲಕ್ಕೆ ಬರ್ತವೆ. ನಾಲ್ಕು ಮನೆ ಸೇರಿ ಒಂದು ಗಾಡಿ ತಗೊಂಡರೆ ಅದು ಹಟ್ಟಿ ಮುಂದೆ ಸುಮ್ಮನೆ ನಿಲ್ಲೋದಿಲ್ಲ. ಹೊಸ ಕಂಪನಿಗೆ ಗಿರಾಕಿ ಬೇಕು, ಹಳೇ ಕಂಪನಿಗೆ ಗಿರಾಕಿ ಉಳೀಬೇಕು. ನಿಮ್ಮ ಮಾತು ನಡೆಯೋದು ಆ ಹೊತ್ತಿನಲ್ಲೇ. ಕೊಡುಗೆಯ ಮಿಕ್ಸಿ, ಮೊಬೈಲು ಕೇಳಬೇಡಿ. ಬಡ್ಡಿ ಇಳಿಸು ಅನ್ನಿ. ಬಿಡಿಭಾಗ ಎಷ್ಟು ದೂರದಲ್ಲಿ ಸಿಗ್ತದೆ, ಮೂರು ವರ್ಷಕ್ಕೆ ಮಾರಿದರೆ ಎಷ್ಟು ಬರ್ತದೆ ಅಂತ ಕೇಳಿ.

ಇನ್ನೊಂದು. ಮನೆ ಉಪಯೋಗಕ್ಕೆ, ಸಣ್ಣ ದುಡಿಮೆಗೆ ಕೊಡುವ ಅವಧಿ ಸಾಲಗಳಿಗೆ 2024ರ ಅಕ್ಟೋಬರ್ 1ರಿಂದ ರಿಸರ್ವ್ ಬ್ಯಾಂಕ್ ಒಂದು ನಿಯಮ ಮಾಡಿದೆ. ಬ್ಯಾಂಕಾಗಲಿ ಫೈನಾನ್ಸ್ ಕಂಪನಿಯಾಗಲಿ, ಎಲ್ಲ ಖರ್ಚು ಸೇರಿಸಿದ ನಿಜವಾದ ವಾರ್ಷಿಕ ದರವನ್ನು ಒಂದು ಪತ್ರದಲ್ಲಿ, ಸಾಲಗಾರನಿಗೆ ತಿಳಿಯುವ ಭಾಷೆಯಲ್ಲಿ ಬರೆದು ಕೊಡಬೇಕು. ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಅಂತಾರೆ ಅದಕ್ಕೆ. ಯೋಚನೆ ಮಾಡೋಕೆ ಕನಿಷ್ಠ 3 ಕೆಲಸದ ದಿನ ಬಿಡಬೇಕು. ಕನ್ನಡದಲ್ಲೇ ಕೊಡಿ ಅಂತ ಕೇಳಿ. ಸಹಿ ಹಾಕೋ ಮುಂಚೆ ಆ ಪತ್ರ ಜೇಬಲ್ಲಿಟ್ಟುಕೊಂಡು ಊರಿಗೆ ಬನ್ನಿ, ಅರಳಿಕಟ್ಟೆ ಮೇಲೆ ಕೂತು ಓದೋಣ. ಈಗಾಗಲೇ ಸಾಲ ಮಾಡಿರೋರು ಕರಾರಿನ ನಕಲು ತನ್ನಿ.