ಮಲ್ಲಯ್ಯನ ದಾರಿಯಲ್ಲಿ

ಯುಗಾದಿಗೆ ಮುನ್ನ ಉತ್ತರ ಕರ್ನಾಟಕದ ಊರೂರುಗಳಿಂದ ಭಕ್ತರು ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆಯುತ್ತಾರೆ. ಭ್ರಮರಾಂಬೆ ಅವರಿಗೆ ಮನೆಮಗಳು, ಮಲ್ಲಯ್ಯ ಅಳಿಯ. ಆ ದಾರಿಯನ್ನು ನಾನು ಮೂರು ಸಲ ನಡೆದಿದ್ದೇನೆ.

ಮೊದಲ ಸಲ ಕಾಲಲ್ಲಿ ಹೊಸ ಬೂಟು, ಚೀಲದಲ್ಲಿ ವಚನಗಳ ಎರಡು ಸಂಪುಟ. 12ನೆಯ ಶತಮಾನದಲ್ಲಿ ಶ್ರೀಶೈಲಕ್ಕೆ ನಡೆದ ಅಕ್ಕಮಹಾದೇವಿಯನ್ನು ಮೂವತ್ತು ವರ್ಷ ಪಾಠ ಹೇಳಿದವನೆಂಬ ಹಮ್ಮು ಬೇರೆ. ಎರಡನೆಯ ದಿನವೇ ಹಿಮ್ಮಡಿಯ ತುಂಬ ಬೊಬ್ಬೆಗಳೆದ್ದವು. ಹಳ್ಳಿಯ ಹಿರಿಯಾಕೆಯೊಬ್ಬಳು ಹರಳೆಣ್ಣೆ ಸವರುತ್ತ, "ಯಪ್ಪಾ, ಹೊಸಾ ಮೆಟ್ಟು ಮೆಟಗೊಂಡು ಯಾರರೆ ಮಲ್ಲಯ್ಯಗ ಹೋಗ್ತಾರೇನು? ಈ ಭಾರ ಯಾಕ ಹೊತ್ತಿ?" ಎಂದಳು. ನನಗೆ ಉತ್ತರ ಹೊಳೆಯಲಿಲ್ಲ.

ಎರಡನೆಯ ಸಲ ಹಳೆಯ ಚಪ್ಪಲಿ, ಒಂದು ಹೊದಿಕೆ, ಉಪ್ಪು, ಸಕ್ಕರೆ, ನೀರು ಇಷ್ಟೇ. ನಸುಕಿನಲ್ಲೇ ಹೊರಟು ಬಿಸಿಲೇರುವ ಮುನ್ನ ನೆರಳು ಸೇರುತ್ತಿದ್ದೆ. ವೆಂಕಟಾಪುರದ ಮುಂದೆ ನಲ್ಲಮಲದ ಹುಲಿಕಾಡು. ಅಲ್ಲಿ ಗುಂಪನ್ನು ಬಿಡಬಾರದು. ನಾಗಲೂಟಿ, ಪೆದ್ದಚೆರುವುಗಳಲ್ಲಿ ನೀರು ಸಿಕ್ಕಷ್ಟನ್ನೂ ತುಂಬಿಕೊಳ್ಳಬೇಕು.

ಮೂರನೆಯ ಸಲ ಭೀಮನಕೊಳ್ಳದ ಇಳುಕಲಿನಲ್ಲಿ ಮೊಣಕಾಲು ಸೋತಿತು. ಮುಂದಿದ್ದುದು ಕೈಲಾಸದ್ವಾರದ ಕಡಿದಾದ ಮೆಟ್ಟಿಲುಗಳು. ಗುರುತಿಲ್ಲದ ತರುಣನೊಬ್ಬ ನನ್ನ ಚೀಲವನ್ನು ಹೆಗಲಿಗೇರಿಸಿ ತನ್ನ ಕೋಲನ್ನು ಮುಂದೆ ಚಾಚಿದ. ಅದನ್ನು ಹಿಡಿಯಲು ನನಗೆ ಅರೆಗಳಿಗೆ ಬೇಕಾಯಿತು. ಪಾಠ ಹೇಳುವುದು ರೂಢಿಯಾಗಿತ್ತು. ನೆರವು ಪಡೆಯುವುದು ರೂಢಿಯಿರಲಿಲ್ಲ. ಮೇಲೆ ತಲುಪಿದಾಗ ಅವನು ಚೀಲವನ್ನು ನನ್ನ ಪಕ್ಕದಲ್ಲಿಟ್ಟು ಜನರ ನಡುವೆ ಮರೆಯಾದ. ಹೆಸರನ್ನೂ ಕೇಳಲಾಗಲಿಲ್ಲ.

ಆ ಕೋಲು ಈಗ ನಮ್ಮ ಮನೆಯ ಬಾಗಿಲ ಹಿಂದಿದೆ. ಕಾಲು ಒಪ್ಪಿದರೆ ಇನ್ನೊಮ್ಮೆ ಹೋಗಬೇಕು. ಒಪ್ಪದಿದ್ದರೆ, ಹೊರಟವರ ಕೈಯಲ್ಲಾದರೂ ಅದನ್ನು ಕಳಿಸಬೇಕು.