ಮನಸ್ಸಾಕ್ಷಿಯ ಬೆಲೆಯನ್ನು ತೆರಬೇಕಾದವರು ಯಾರು?

(ವಿಚಾರಗೋಷ್ಠಿಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಧಾರ್ಮಿಕ ಸ್ವಾತಂತ್ರ್ಯ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಮಸೀದಿ, ಅದಾನ್, ಗಡ್ಡ ಮತ್ತು ಶಿರವಸ್ತ್ರ. ಆದರೆ ಅಮೆರಿಕದಲ್ಲಿ ಈ ಸ್ವಾತಂತ್ರ್ಯಕ್ಕಾಗಿ ನಡೆದ ಸುದೀರ್ಘ ಹೋರಾಟಗಳಲ್ಲೊಂದು ಆರೋಗ್ಯ ವಿಮೆಗೆ ಸಂಬಂಧಿಸಿದ್ದು. ಅದರಲ್ಲಿ ಕಕ್ಷಿಗಾರರಾಗಿದ್ದವರು ಕ್ರೈಸ್ತರು. ಆದರೂ ಅದು ಎತ್ತಿದ ಪ್ರಶ್ನೆಯಿಂದ ನಾವು ದೂರ ಉಳಿಯುವಂತಿಲ್ಲ.

2010ರಲ್ಲಿ ಅಧ್ಯಕ್ಷ ಬರಾಕ್ ಒಬಾಮರು ಆರೋಗ್ಯ ವಿಮಾ ಸುಧಾರಣೆಯ ಕಾನೂನಿಗೆ ಸಹಿ ಹಾಕಿದರು. ಅಮೆರಿಕದಲ್ಲಿ ದುಡಿಯುವ ಬಹಳಷ್ಟು ಕುಟುಂಬಗಳಿಗೆ ವಿಮೆ ದೊರೆಯುವುದು ಉದ್ಯೋಗ ನೀಡಿದ ಸಂಸ್ಥೆಯ ಮೂಲಕ. ಆ ವಿಮೆಯಲ್ಲಿ ಮಹಿಳೆಯರಿಗೆ ಗರ್ಭನಿರೋಧಕ ಔಷಧಗಳು ಮತ್ತು ಸಾಧನಗಳು ಉಚಿತವಾಗಿ ಸೇರಿರಬೇಕೆಂದು 2011ರ ಮಾರ್ಗಸೂಚಿ ವಿಧಿಸಿತು. ಆರಾಧನಾಲಯಗಳಿಗೆ ವಿನಾಯಿತಿ ದೊರೆಯಿತು. ಆದರೆ ಧಾರ್ಮಿಕ ಸಂಸ್ಥೆಗಳು ನಡೆಸುವ ಆಸ್ಪತ್ರೆ, ವಿಶ್ವವಿದ್ಯಾಲಯ ಮತ್ತು ಸೇವಾಶ್ರಮಗಳಿಗೆ ಅದು ಅನ್ವಯಿಸಲಿಲ್ಲ.

ಕ್ಯಾಥೊಲಿಕ್ ಚರ್ಚಿನ ಅಧಿಕೃತ ಬೋಧನೆಯು ಕೃತಕ ಗರ್ಭನಿರೋಧಕವನ್ನು ಪಾಪವೆಂದು ಪರಿಗಣಿಸುತ್ತದೆ. ವಿರೋಧ ಹೆಚ್ಚಿದಾಗ 2013ರಲ್ಲಿ ಸರಕಾರವು ಮಧ್ಯಮ ಮಾರ್ಗವೊಂದನ್ನು ಸೂಚಿಸಿತು. ಆಕ್ಷೇಪವಿರುವ ಧಾರ್ಮಿಕ ಸಂಸ್ಥೆಯು ಒಂದು ನಮೂನೆಯನ್ನು ಭರ್ತಿ ಮಾಡಿ ಸಹಿ ಹಾಕಿದರೆ ಸಾಕು, ಉಳಿದ ವ್ಯವಸ್ಥೆಯನ್ನು ವಿಮಾ ಕಂಪೆನಿಯೇ ಪ್ರತ್ಯೇಕವಾಗಿ ನೋಡಿಕೊಳ್ಳುತ್ತದೆ. ಬಡ ವೃದ್ಧರ ಆಶ್ರಮಗಳನ್ನು ನಡೆಸುವ 'ಲಿಟಲ್ ಸಿಸ್ಟರ್ಸ್ ಆಫ್ ದಿ ಪೂರ್' ಧರ್ಮಭಗಿನಿಯರು ಇದನ್ನೂ ಒಪ್ಪಲಿಲ್ಲ. ಆ ಸಹಿಯೇ ಪಾಪದಲ್ಲಿ ಪಾಲ್ಗೊಂಡಂತೆ ಎಂಬುದು ಅವರ ವಾದವಾಗಿತ್ತು. ನಿಯಮ ಮೀರಿದರೆ ಪ್ರತಿಯೊಬ್ಬ ವಿಮಾದಾರರಿಗೆ ದಿನಕ್ಕೆ 100 ಡಾಲರ್‌ನಂತೆ ದಂಡ ತೆರಬೇಕಿತ್ತು.

ಇದೇ ವೇಳೆ ಕರಕುಶಲ ಸಾಮಗ್ರಿಗಳನ್ನು ಮಾರುವ 'ಹಾಬಿ ಲಾಬಿ' ಕಂಪೆನಿಯ ಮಾಲಕರೂ ನ್ಯಾಯಾಲಯದ ಮೆಟ್ಟಿಲೇರಿದ್ದರು. ಇಪ್ಪತ್ತು ವಿಧಾನಗಳ ಪೈಕಿ ನಾಲ್ಕಕ್ಕೆ ಮಾತ್ರ ಅವರ ಆಕ್ಷೇಪವಿತ್ತು. 2014ರಲ್ಲಿ ಸುಪ್ರೀಮ್ ಕೋರ್ಟ್ 5-4ರ ಬಹುಮತದಿಂದ ಅವರ ಪರ ತೀರ್ಪಿತ್ತಿತು. ಆ ತೀರ್ಪಿಗೆ ಆಧಾರವಾದದ್ದು 1993ರ ಧಾರ್ಮಿಕ ಸ್ವಾತಂತ್ರ್ಯ ಪುನಃಸ್ಥಾಪನಾ ಕಾಯ್ದೆ. ವ್ಯಕ್ತಿಯ ಧರ್ಮಾಚರಣೆಗೆ ಗಣನೀಯ ಅಡ್ಡಿಯಾಗುವ ಕ್ರಮವನ್ನು ಕೈಗೊಳ್ಳಬೇಕಾದರೆ ಸರಕಾರವು ಅದಕ್ಕೆ ಅನಿವಾರ್ಯ ಕಾರಣವನ್ನು ತೋರಿಸಬೇಕು; ಅದಕ್ಕಿಂತ ಕಡಿಮೆ ಅಡ್ಡಿಯ ದಾರಿ ಬೇರೊಂದಿಲ್ಲವೆಂದೂ ಸಾಬೀತುಪಡಿಸಬೇಕು. ಇದು ಆ ಕಾಯ್ದೆಯ ತಿರುಳು.

ಈ ಕಾಯ್ದೆಯ ಹುಟ್ಟನ್ನು ನಾವು ಗಮನಿಸಬೇಕು. ತಮ್ಮ ಧಾರ್ಮಿಕ ವಿಧಿಯಲ್ಲಿ ನಿಷೇಧಿತ ಸಸ್ಯವೊಂದನ್ನು ಸೇವಿಸಿದ್ದಕ್ಕಾಗಿ ಕೆಲಸ ಕಳೆದುಕೊಂಡ, ಅಲ್ಲಿನ ಮೂಲನಿವಾಸಿಗಳ ಚರ್ಚಿಗೆ ಸೇರಿದ ಇಬ್ಬರಿಗೆ 1990ರಲ್ಲಿ ಕೋರ್ಟಿನಲ್ಲಿ ಸೋಲಾಯಿತು. ಆ ಸೋಲಿನ ವಿರುದ್ಧ ಎದ್ದ ಜನಾಭಿಪ್ರಾಯವೇ ಕಾಯ್ದೆಯಾಯಿತು. ದುರ್ಬಲರಿಗಾದ ನೋವು ಎಲ್ಲರಿಗೂ ರಕ್ಷಣೆಯನ್ನು ಒದಗಿಸಿತು.

ಆ ರಕ್ಷಣೆ ಮುಸ್ಲಿಮರಿಗೂ ತಲುಪಿತು. ಅರ್ಧ ಇಂಚು ಗಡ್ಡ ಬಿಡಲು ಅನುಮತಿ ಕೋರಿದ ಅರ್ಕನ್ಸಾಸ್ ರಾಜ್ಯದ ಮುಸ್ಲಿಮ್ ಕೈದಿಯೊಬ್ಬರಿಗೆ 2015ರಲ್ಲಿ ಸುಪ್ರೀಮ್ ಕೋರ್ಟ್ ಒಮ್ಮತದಿಂದ ಜಯ ನೀಡಿತು. ಇದೇ ಮಾನದಂಡವನ್ನು ಕೈದಿಗಳಿಗೂ ವಿಸ್ತರಿಸಿದ 2000ನೇ ಇಸವಿಯ ಕಾಯ್ದೆ ಅವರ ಆಸರೆಯಾಗಿತ್ತು. ಹಾಬಿ ಲಾಬಿಯ ಪರ ವಾದಿಸಿದ್ದ ಬೆಕೆಟ್ ಸಂಸ್ಥೆಯೇ ಈ ಕೈದಿಯ ಪರವಾಗಿಯೂ ನಿಂತಿತ್ತು. ಗೂಢಚಾರರಾಗಲು ನಿರಾಕರಿಸಿದ್ದಕ್ಕೆ ತಮ್ಮನ್ನು ವಿಮಾನಯಾನ ನಿಷೇಧ ಪಟ್ಟಿಗೆ ಸೇರಿಸಲಾಯಿತೆಂದು ದೂರಿದ್ದ ಮುಸ್ಲಿಮರು, ಅಧಿಕಾರಿಗಳಿಂದ ಪರಿಹಾರ ಕೇಳಬಹುದೆಂದು 2020ರಲ್ಲಿ ಅದೇ ಕೋರ್ಟ್ ಹೇಳಿತು. ಅದಕ್ಕೆ ಆಧಾರವಾದದ್ದು 1993ರ ಕಾಯ್ದೆಯೇ. ಆದ್ದರಿಂದ ಧರ್ಮಭಗಿನಿಯರ ಮನಸ್ಸಾಕ್ಷಿಯನ್ನು ಹಗುರವಾಗಿ ಕಾಣುವ ಅಧಿಕಾರ ನಮಗಿಲ್ಲ.

ಆದರೆ ನಾಣ್ಯಕ್ಕೆ ಇನ್ನೊಂದು ಮುಖವಿದೆ. ಕ್ಯಾಥೊಲಿಕ್ ಆಸ್ಪತ್ರೆಯಲ್ಲಿ ದುಡಿಯುವ ಓರ್ವ ಮುಸ್ಲಿಮ್ ದಾದಿಯನ್ನು ಊಹಿಸಿಕೊಳ್ಳೋಣ. ದಂಪತಿಗಳ ಪರಸ್ಪರ ಒಪ್ಪಿಗೆಯಿಂದ ತಾತ್ಕಾಲಿಕ ಗರ್ಭನಿರೋಧಕವನ್ನು ಬಳಸುವುದಕ್ಕೆ ನಮ್ಮ ವಿದ್ವಾಂಸರಲ್ಲಿ ಅನೇಕರು ಅನುಮತಿ ನೀಡಿದ್ದಾರೆ. ಆಕೆಯ ಮನಸ್ಸಾಕ್ಷಿಗೆ ಅದರಲ್ಲಿ ತೊಡಕಿಲ್ಲ. ವೈದ್ಯರೂ ಸಲಹೆ ನೀಡಿದ್ದಾರೆ. ಹಾಗಿರುವಾಗ ಮಾಲಕರ ನಂಬಿಕೆಯ ವೆಚ್ಚವನ್ನು ಆಕೆಯ ಸಂಬಳದಿಂದ ಭರಿಸಬೇಕೇ?

ಈ ಪ್ರಶ್ನೆ ಕಾಲ್ಪನಿಕವಾದುದಲ್ಲ. ಡೊನಾಲ್ಡ್ ಟ್ರಂಪ್ ಸರಕಾರವು 2017 ಮತ್ತು 2018ರ ನಿಯಮಗಳ ಮೂಲಕ ವಿನಾಯಿತಿಯನ್ನು ಬಹಳ ವಿಸ್ತರಿಸಿತು. ಇದರಿಂದ 70,500ರಿಂದ 1,26,400 ಮಹಿಳೆಯರು ಉಚಿತ ಸೌಲಭ್ಯವನ್ನು ಕಳೆದುಕೊಳ್ಳಬಹುದೆಂದು ಸರಕಾರವೇ ಅಂದಾಜಿಸಿತ್ತು. 2020ರಲ್ಲಿ ಸುಪ್ರೀಮ್ ಕೋರ್ಟ್ 7-2ರ ಬಹುಮತದಿಂದ, ಅಂತಹ ನಿಯಮ ರೂಪಿಸುವ ಅಧಿಕಾರ ಸರಕಾರಕ್ಕಿದೆ ಎಂದಿತು. ವ್ಯಾಜ್ಯ ಮಾತ್ರ ಮುಗಿಯಲಿಲ್ಲ. 2025ರ ಆಗಸ್ಟ್‌ನಲ್ಲಿ ಪೆನ್ಸಿಲ್ವೇನಿಯದ ಫೆಡರಲ್ ನ್ಯಾಯಾಲಯವೊಂದು ಆ ನಿಯಮಗಳನ್ನು ರದ್ದುಪಡಿಸಿತು.

ಹಾಬಿ ಲಾಬಿ ತೀರ್ಪನ್ನು ತೀವ್ರವಾಗಿ ವಿರೋಧಿಸಿದ್ದ ನ್ಯಾಯಮೂರ್ತಿ ರುತ್ ಬೇಡರ್ ಗಿನ್ಸ್‌ಬರ್ಗ್ ಅವರು ಗಡ್ಡದ ಪ್ರಕರಣದಲ್ಲಿ ಮುಸ್ಲಿಮ್ ಕೈದಿಯ ಪರ ನಿಂತರು. ಕಾರಣವನ್ನೂ ಸ್ಪಷ್ಟಪಡಿಸಿದರು. ಈ ಕೈದಿಗೆ ಅನುಮತಿ ನೀಡಿದರೆ, ಅವರ ನಂಬಿಕೆಯನ್ನು ಹಂಚಿಕೊಳ್ಳದ ಇತರರಿಗೆ ಯಾವ ಹಾನಿಯೂ ಆಗದು ಎಂಬುದು ಅವರ ನಿಲುವಾಗಿತ್ತು. ಈ ಇಡೀ ಚರ್ಚೆಯನ್ನು ಅಳೆಯಲು ಇದಕ್ಕಿಂತ ನೇರವಾದ ಅಳತೆಗೋಲು ನಮಗೆ ಕಾಣುವುದಿಲ್ಲ.

ಹಾಗಾದರೆ ಪರಿಹಾರವೇನು? ಹಾಬಿ ಲಾಬಿಯ ಬಹುಮತದ ತೀರ್ಪನ್ನು ಬರೆದ ನ್ಯಾಯಮೂರ್ತಿ ಸ್ಯಾಮುಯೆಲ್ ಅಲಿಟೊ ಅವರು ಅದನ್ನೂ ಸೂಚಿಸಿದ್ದರು: ವಿಮೆಯಲ್ಲಿ ಈ ಸೌಲಭ್ಯ ದೊರೆಯದ ಮಹಿಳೆಯರ ವೆಚ್ಚವನ್ನು ಸರಕಾರವೇ ವಹಿಸಿಕೊಳ್ಳುವುದು ಅತ್ಯಂತ ನೇರವಾದ ದಾರಿ. ಹಾಗೆ ಮಾಡಿದರೆ ಭಗಿನಿಯರು ಸಹಿ ಹಾಕಬೇಕಿಲ್ಲ, ದಾದಿಯೂ ಸೌಲಭ್ಯದಿಂದ ವಂಚಿತಳಾಗಬೇಕಿಲ್ಲ. ರೋಗಿಯ ಔಷಧಿಯನ್ನು ಮಾಲಕನ ಕೈಗೆ ಕಟ್ಟಿಹಾಕಿದ ವ್ಯವಸ್ಥೆಯೇ ಈ ಸಂಘರ್ಷದ ಬೇರು. ಬೇರನ್ನು ಮುಟ್ಟದೆ ಕೊಂಬೆಗಳಿಗಾಗಿ ವರ್ಷಗಟ್ಟಲೆ ವ್ಯಾಜ್ಯ ನಡೆಯಿತು.

ಸಹೋದರ ಸಹೋದರಿಯರೇ, ಅಲ್ಪಸಂಖ್ಯಾತರಾಗಿ ನಾವು ವಿನಾಯಿತಿಯನ್ನು ಕೇಳುವವರು. ಶಾಲೆ, ಆಸ್ಪತ್ರೆ, ಅಂಗಡಿಗಳನ್ನು ನಡೆಸುವಾಗ ನಾವೇ ಮಾಲಕರು. ನಮ್ಮ ಬಳಿ ದುಡಿಯುವವರಲ್ಲಿ ಅನ್ಯ ಧರ್ಮೀಯರೂ ಇದ್ದಾರೆ. ಕೇಳುವಾಗ ಒಂದು ತಕ್ಕಡಿ, ಕೊಡುವಾಗ ಇನ್ನೊಂದು ತಕ್ಕಡಿಯನ್ನು ಹಿಡಿಯುವುದು ನ್ಯಾಯವೆನಿಸದು. ನಮ್ಮ ನಂಬಿಕೆಗಾಗಿ ನಾವು ಕಷ್ಟವನ್ನು ಸಹಿಸಿದರೆ ಅದು ತ್ಯಾಗ. ಅದೇ ಕಷ್ಟವನ್ನು ನಮ್ಮ ಸಂಬಳಕ್ಕೆ ದುಡಿಯುವವರ ಹೆಗಲಿಗೆ ದಾಟಿಸಿದರೆ ಅದು ಅನ್ಯಾಯ. ಈ ಅಂತರವನ್ನು ಅರಿತ ಸಮುದಾಯ ಧಾರ್ಮಿಕ ಸ್ವಾತಂತ್ರ್ಯವನ್ನು ಕೇಳಿದಾಗ, ಅದರ ಮಾತಿಗೆ ತೂಕವಿರುತ್ತದೆ.